ಅಮ್ಮನ ಸವತಿಯ ಹೊಳಪು

ನಮ್ಮಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರೆಲ್ಲ ನಗುತ್ತಾರೆ, ನಕ್ಕು ಮುಗಿಸಲಿ, ಆಮೇಲೆ ಮುಂದಿನದು ಹೇಳೋಣ. ಜೀವಮಾನವೆಲ್ಲ ಕಾರುಗಳ ಮೈ ಉಜ್ಜಿದ ಮನುಷ್ಯ ಸ್ಟೀರಿಂಗ್ ಮುಟ್ಟಿದ್ದು ಅದನ್ನು ಒರೆಸುವುದಕ್ಕೆ ಮಾತ್ರ. ಶೆಡ್ಡಿನೊಳಗೆ ಗಾಡಿ ತಂದು ನಿಲ್ಲಿಸಲು ಗಿರಾಕಿಯೇ ಬರಬೇಕು, ಹಿಂದಕ್ಕೆ ತೆಗೆಯಲೂ ಗಿರಾಕಿಯೇ ಬರಬೇಕು. ಯಾರಾದರೂ ಛೇಡಿಸಿದರೆ, "ಒಳಗಿಂದು ನಿಮ್ದು, ಹೊರಗಿಂದು ನಂದು" ಎಂದು ಮಾತು ಮುಗಿಸುತ್ತಿದ್ದ.

ರಸ್ತೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕನ್ನಡಿ ಮೇಸ್ತ್ರಿ ಎಂದು. ಕೆಲಸ ಮುಗಿಯಿತೋ ಇಲ್ಲವೋ ಎನ್ನುವುದಕ್ಕೆ ಅವನದೇ ಒಂದು ಪರೀಕ್ಷೆ ಇತ್ತು. ಗಾಡಿಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು, ಬಾಗಿಲ ಹೊಳಪಿನಲ್ಲಿ ನೋಡಿಕೊಂಡು ಮೀಸೆ ಬಾಚಿಕೊಳ್ಳುತ್ತಿದ್ದ. ಮೀಸೆಯ ಕೂದಲು ಬಿಡಿಬಿಡಿಯಾಗಿ ಕಂಡರೆ ಗಾಡಿ ಹೋಗಬಹುದು. ಕಾಣದಿದ್ದರೆ ಗಿರಾಕಿ ಎಷ್ಟೇ ಗಂಟಲು ಹರಿದುಕೊಂಡರೂ ಕೀಲಿ ಕೈಗೆ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಮದುಮಗನನ್ನೇ ಹೀಗೆ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ. "ಹೊತ್ತಾಯ್ತು ಮೇಸ್ತ್ರಿ, ಅಲ್ಲಿ ಹುಡುಗಿ ಕಾಯ್ತಿದಾಳೆ" ಎಂದರೆ, "ಕಾಯ್ಲಿ ಬಿಡಿ, ಈಗಲೇ ಅಭ್ಯಾಸ ಆಗ್ಲಿ" ಎಂದ. ಮದುಮಗನ ಕಡೆಯವರು ಬೈದ ಬೈಗುಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ನನಗೆ ಕೆಲಸ ಕಲಿಸಿದವನು ಅಪ್ಪನೇ. ಕಲಿಸಿದ ಎನ್ನುವುದಕ್ಕಿಂತ ಬೈದ ಎನ್ನುವುದೇ ಸರಿ. ನನ್ನ ಬಾಯಿ ಜೋರು ಎಂದು ಈಗ ಗಿರಾಕಿಗಳು ಗೊಣಗುತ್ತಾರಲ್ಲ, ಅವರು ಅಪ್ಪನ ಬಾಯಿ ಕೇಳಿಲ್ಲ, ಅಷ್ಟೇ. ಬಟ್ಟೆ ನೆಲಕ್ಕೆ ಬಿದ್ದರೆ ಬೈಗುಳ, ಬಿದ್ದ ಬಟ್ಟೆಯನ್ನು ಎತ್ತಿಕೊಂಡರೆ ಇನ್ನೂ ದೊಡ್ಡ ಬೈಗುಳ, ಯಾಕೆಂದರೆ ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು ಬಾಗಿಲ ತುಂಬ ಗೀರು ಎಳೆಯಲು. ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಣ್ಣದ ಮೇಲೆ ಸವರಿ ನೋಡು ಎನ್ನುತ್ತಿದ್ದ. ಹಾಗೆ ಸವರಿದರೆ ಬರಿಗೈಗೆ ತಿಳಿಯದ ಕೊಳೆಯೂ ತರಿತರಿಯಾಗಿ ಬೆರಳಿಗೆ ಸಿಗುತ್ತದೆ. ನಾನು ಸವರಿ, ನುಣ್ಣಗಿದೆ ಎನ್ನುತ್ತಿದ್ದೆ. ಅಪ್ಪ ಕವರ್ ಇಲ್ಲದೆಯೇ ಸವರಿ, "ನಿನ್ನ ತಲೆ ನುಣ್ಣಗಿದೆ" ಎನ್ನುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಅವನು ಬೈಯುತ್ತಿರಲಿಲ್ಲ, ದನಿ ತಗ್ಗಿಸಿ ಹೇಳುತ್ತಿದ್ದ. ಅದು ಕಾಂಪೌಂಡಿನ ವಿಷಯ. ಸಣ್ಣ ಮರಳಿನಂಥ ಪುಡಿ ಕಲಸಿದ ಮುಲಾಮು ಅದು, ಗೀರು ತೆಗೆಯಲು ಉಜ್ಜುವುದು. "ಗೀರು ಹೋಯ್ತು ಅಂತ ನೀನು ಕುಣೀತೀಯ. ಗೀರು ಎಲ್ಲೂ ಹೋಗಿಲ್ಲ ಕಣೇ. ಅದರ ಸುತ್ತ ಇದ್ದ ಬಣ್ಣ ಹೋಗಿದೆ. ಮೇಲಿನ ಪದರ ಪೇಪರ್ ಹಾಳೆಗಿಂತ ತೆಳ್ಳಗೆ. ಕಾಂಪೌಂಡು ಅದನ್ನ ತಿನ್ನುತ್ತೆ, ತಿಂದಿದ್ದು ವಾಪಸ್ ಬರಲ್ಲ. ಹಚ್ಚೋದಾದ್ರೆ ಎಷ್ಟು ಬೇಕಾದ್ರೂ ಹಚ್ಚು. ತೆಗೆಯೋವಾಗ ಕೈ ನಡುಗಬೇಕು."

ಹಚ್ಚುವುದು ಎಂದರೆ ಸೀಲೆಂಟ್ ಮತ್ತು ವ್ಯಾಕ್ಸ್. ಎರಡೂ ಬಿಸಿಲು, ಮಳೆ, ಹಕ್ಕಿ ಹಿಕ್ಕೆ, ಧೂಳು ಬಣ್ಣಕ್ಕೆ ತಾಗದಂತೆ ಮೇಲೆ ಕೂತು ಕಾಯುವಂಥವು. ಮೊದಲು ಸೀಲೆಂಟ್, ಅದು ಬರಿಯ ಬಣ್ಣವನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಕದಲುವುದಿಲ್ಲ. ಅದರ ಮೇಲೆ ವ್ಯಾಕ್ಸ್, ಮಿರುಗಿಗೆ. ಇದು ತಿರುಗುಮುರುಗಾದರೆ ಪಡಿಪಾಟಲೆಲ್ಲ ವ್ಯರ್ಥ. ವ್ಯಾಕ್ಸಿನ ಜಿಡ್ಡಿನ ಮೇಲೆ ಸೀಲೆಂಟ್ ನಿಲ್ಲುವುದೇ ಇಲ್ಲ, ಒಂದೆರಡು ಸಲ ತೊಳೆದರೆ ಎರಡೂ ಒಟ್ಟಿಗೆ ಹೊರಟುಹೋಗುತ್ತವೆ. ನಮ್ಮ ಕಸುಬಿನಲ್ಲಿ ಇದು ಅ ಆ ಇ ಈ.

ಇನ್ನು ಕಸುಬಿನ ಅತಿ ದೊಡ್ಡ ಪಾಪ ಯಾವುದೆಂದರೆ, ಬಣ್ಣ ಸುಡುವುದು. ಒಂದೇ ಕಡೆ ಉಜ್ಜಿ ಉಜ್ಜಿ, ಬಣ್ಣವೆಲ್ಲ ಹೋಗಿ ಅಡಿಯ ಬೂದು ಪ್ರೈಮರ್ ಕಾಣುವ ಹಾಗೆ ಮಾಡುವುದಕ್ಕೆ ನಾವು ಸುಡುವುದು ಎನ್ನುತ್ತೇವೆ. ಸುಟ್ಟವನನ್ನು ಅಪ್ಪ ಮತ್ತೆ ಶೆಡ್ಡಿಗೆ ಸೇರಿಸುತ್ತಿರಲಿಲ್ಲ. ನನ್ನ ಸೋದರತ್ತೆಯ ಮಗನೇ ಒಂದು ಗಾಡಿಯ ಅಂಚು ಸುಟ್ಟ, ಅವತ್ತೇ ಅವನನ್ನು ಮನೆಗೆ ಕಳಿಸಿದ. ಅತ್ತೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ಅಮ್ಮ ಎಷ್ಟು ಹೇಳಿದರೂ ಅಪ್ಪ ಜಗ್ಗಲಿಲ್ಲ. "ನನ್ನ ಕೈಯಲ್ಲಿ ಇವತ್ತಿನವರೆಗೆ ಒಂದೇ ಒಂದು ಗಾಡಿ ಸುಟ್ಟಿಲ್ಲ" ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಮುಂದೆ ನಿಂತವರ ಬೆನ್ನಿಗೂ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಸ್ವಂತ ಮನೆಯಿಲ್ಲ, ಆಸ್ತಿಯಿಲ್ಲ, ಅವನಿಗಿದ್ದದ್ದು ಈ ಒಂದು ಮಾತು.

ಇಷ್ಟು ಹೇಳಿದ ಮೇಲೆ ಅಮ್ಮನ ಸವತಿಯ ವಿಷಯಕ್ಕೆ ಬರುತ್ತೇನೆ.

ಶೆಡ್ಡಿನ ಮುಂದೆ, ತಗಡಿನ ಮಾಡಿನ ಕೆಳಗೆ, ಒಂದು ಕಡುನೀಲಿ ಕಾರು ನಿಂತಿದೆ. ಅದಕ್ಕೆ ಎಂಜಿನ್ ಇಲ್ಲ. ಪಕ್ಕದ ಗ್ಯಾರೇಜಿನಲ್ಲಿ ಯಾರೋ ಬಿಟ್ಟುಹೋದ ಗಾಡಿ, ಎಂಜಿನ್ ಬಿಚ್ಚಿಕೊಂಡು ಬರಿ ಮೈಯನ್ನು ಗುಜರಿಗೆ ಹಾಕಲು ಹೊರಟಿದ್ದರು. ಅಪ್ಪ ಅಡ್ಡ ನಿಂತು ತಳ್ಳಿಸಿಕೊಂಡು ಬಂದ. ಆಗ ಗ್ಯಾರೇಜಿನಲ್ಲಿದ್ದ ಪೇಂಟರ್ ಅಪ್ಪನ ಜೀವದ ಗೆಳೆಯ. ಇಬ್ಬರೂ ಸೇರಿ ಅದಕ್ಕೆ ಆ ನೀಲಿ ಬಣ್ಣ ಹೊಡೆದರು. ಪೇಂಟರ್ ತೀರಿಹೋಗಿ ಬಹಳ ಕಾಲವಾಯಿತು, ಅವನ ಕೈಯ ಬಣ್ಣ ಉಳಿದಿರುವುದು ಆ ಗಾಡಿಯ ಮೇಲೆ ಮಾತ್ರ. ಅಪ್ಪ ಅದನ್ನು ಅಂಗಡಿಯ ಮಾದರಿ ಮಾಡಿ ನಿಲ್ಲಿಸಿದ. ಬಂದವರ ಮುಂದೆ ಬಾನೆಟ್ಟಿನ ಮೇಲೆ ಒಂದು ಮಗ್ ನೀರು ಸುರಿಯುವುದು. ನೀರು ಚದುರಿ ದುಂಡುದುಂಡಗೆ ಹನಿ ಕಟ್ಟಿಕೊಂಡು ಉರುಳಿ ಹೋಗುವುದು. ಆಮೇಲೆ ಅದೇ ನೀರನ್ನು ಅವರದೇ ಗಾಡಿಯ ಮೇಲೆ ಸುರಿಯುವುದು. ಅಲ್ಲಿ ಅದು ಪಚಕ್ಕೆಂದು ಚಾಪೆಯ ಹಾಗೆ ಮಲಗಿಬಿಡುವುದು. ಅಲ್ಲಿಗೆ ವ್ಯಾಪಾರ ಕುದುರಿದ ಹಾಗೆ.

ಬಿಡುವಿದ್ದಾಗಲೆಲ್ಲ ಅಪ್ಪ ಅದರ ಹತ್ತಿರವೇ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. "ಹೋಗಿ ಕರಿಯೇ ನಿಮ್ಮಪ್ಪನ್ನ, ನನ್ನ ಸವತಿ ಮಗ್ಗುಲಲ್ಲಿ ಕೂತಿರ್ತಾರೆ" ಎಂದು ಅಮ್ಮ ನನ್ನನ್ನು ಓಡಿಸುತ್ತಿದ್ದಳು. ಹಾಗೆ ಆ ಗಾಡಿಗೆ ಸವತಿ ಎಂದೇ ಹೆಸರಾಯಿತು. ಗಿರಾಕಿಗಳೂ, "ಮೇಸ್ತ್ರಿ, ನಮ್ಮ ಗಾಡೀನ ಸವತಿ ಥರ ಮಾಡಿಕೊಡಿ" ಎನ್ನತೊಡಗಿದರು. ಅಮ್ಮ ಶೆಡ್ಡಿನ ಹಿಂದಿನ ಮನೆಯೊಳಗಿನಿಂದಲೇ, "ಒಬ್ಬಳೇ ಸಾಕಪ್ಪಾ, ಇನ್ನೊಬ್ಬಳು ಬೇಡ" ಎನ್ನುತ್ತಿದ್ದಳು. ಆಗೆಲ್ಲ ನಾವು ಎಷ್ಟು ನಗುತ್ತಿದ್ದೆವು.

ಬೇರೆ ಮನೆಗಳಲ್ಲಿ ಈ ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೋ ಗೊತ್ತಿಲ್ಲ. ಹೆಸರು ಮರೆಯುತ್ತಾರಂತೆ, ಕೀಲಿ ಎಲ್ಲೋ ಇಟ್ಟು ಹುಡುಕುತ್ತಾರಂತೆ. ನಮ್ಮ ಮನೆಯಲ್ಲಿ ಅಪ್ಪ ವ್ಯಾಕ್ಸಿನ ಮೇಲೆ ಸೀಲೆಂಟ್ ಹಚ್ಚಿದ.

ಅದು ಒಬ್ಬ ಟ್ಯಾಕ್ಸಿಯವನ ಗಾಡಿ. ನಾನು ಬಾಗಿಲುಗಳ ಕಡೆ ಇದ್ದೆ, ಅಪ್ಪ ಡಿಕ್ಕಿಯ ಕಡೆ. ತಲೆಯೆತ್ತಿ ನೋಡಿದರೆ, ಆಗಷ್ಟೇ ವ್ಯಾಕ್ಸ್ ಹಚ್ಚಿ ಒರೆಸಿದ ಡಿಕ್ಕಿಯ ಮೇಲೆ ಸೀಲೆಂಟಿನ ಬಾಟಲಿ ಬಗ್ಗಿಸುತ್ತಿದ್ದಾನೆ. ನನಗೆ ತಮಾಷೆ ಎನಿಸಿತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಈಗ ನಾನು ಹಿಡಿಯದಿದ್ದರೆ ಬೈಯುತ್ತಾನೆ ಎಂದುಕೊಂಡು, "ಅಪ್ಪಾ, ತಿರುಗಾಮುರುಗಾ ಆಯ್ತಲ್ಲ" ಎಂದೆ. ಅವನು ಕೈಯಲ್ಲಿದ್ದ ಬಾಟಲಿ ನೋಡಿದ, ಡಿಕ್ಕಿ ನೋಡಿದ, ನನ್ನ ಮುಖ ನೋಡಿದ. "ಹೌದಾ?" ಎಂದ, ನನ್ನನ್ನೇ ಕೇಳುವ ಹಾಗೆ. ಅಷ್ಟು ಮೆತ್ತಗಿನ ದನಿ ನಾನು ಅಪ್ಪನ ಬಾಯಲ್ಲಿ ಕೇಳಿರಲೇ ಇಲ್ಲ. ಅವತ್ತು ಅಮ್ಮನಿಗೆ ಹೇಳಿದರೆ, "ಅಯ್ಯೋ, ಅಷ್ಟಕ್ಕೇ ಮುಖ ಹೀಗೆ ಮಾಡ್ಕೊಂಡಿದೀಯಾ, ವಯಸ್ಸಾಯ್ತಲ್ಲೇ" ಎಂದಳು. ಅವಳಿಗೆ ಹೇಗೆ ಅರ್ಥವಾಗಬೇಕು ಪಾಪ.

ಆಮೇಲೆ ಉಳಿದವೂ ಒಂದೊಂದಾಗಿ ಬಂದವು, ಹೆಸರು, ಕೀಲಿ, ಬಚ್ಚಲ ಬಾಗಿಲು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಇದನ್ನ ನಿಲ್ಲಿಸೋಕಾಗಲ್ಲಮ್ಮ, ಸ್ವಲ್ಪ ನಿಧಾನ ಮಾಡಬಹುದು ಅಷ್ಟೇ. ಅವರಿಗೆ ಏನು ಗೊತ್ತೋ ಆ ಕೆಲಸವನ್ನ ಕೈಗೆ ಕೊಡಿ. ಕೈ ಆಡ್ತಿದ್ರೆ ಮನಸ್ಸು ಶಾಂತವಾಗಿರುತ್ತೆ" ಎಂದರು. ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಿರಾಕಿಗಳ ಗಾಡಿ ಅವನ ಕೈಗೆ ಕೊಡುವ ಹಾಗಿರಲಿಲ್ಲ. ಉಳಿದದ್ದು ಸವತಿ.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಬೆಳಿಗ್ಗೆ ಎದ್ದಾಗ ಅಪ್ಪ ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದ, ಅಂಗಿಯ ಗುಂಡಿ ಹಾಕಲು ಬಾರದೆ ಅಳುತ್ತಿದ್ದ. ಕೈ ಹಿಡಿದು ಸವತಿಯ ಮುಂದೆ ತಂದು ನಿಲ್ಲಿಸಿದರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು. ಸುತ್ತು ಹಾಕಿ, ತಲೆ ಓರೆ ಮಾಡಿ, ಬೆಳಕಿಗೆ ಹಿಡಿದು ನೋಡಿ, "ಯಾರದಮ್ಮಾ ಈ ಗಾಡಿ?" ಎಂದು ಅಮ್ಮನನ್ನು ಕೇಳುತ್ತಿದ್ದ. ಅವನಿಗೆ ಅದು ದಿನಾ ಹೊಸ ಗಾಡಿ. ಮೊದಮೊದಲು ಅಮ್ಮ, "ನಿಮ್ಮದೇ ಕಣ್ರೀ" ಎಂದು ಬಿಡಿಸಿ ಹೇಳಿ ಅವನನ್ನು ಗಾಬರಿ ಮಾಡಿದಳು. ಆಮೇಲೆ ಅವಳೂ ಆಟ ಕಲಿತಳು. "ಜಡ್ಜ್ ಸಾಹೇಬರದಂತೆ ಕಣ್ರೀ, ಸಂಜೆ ಬರ್ತಾರಂತೆ." ಮರುದಿನ, "ಸಿನಿಮಾದವರದಂತೆ." ಇನ್ನೊಂದು ದಿನ ಬೇಜಾರಾಗಿ, "ನನ್ನ ಸವತೀದು" ಎಂದುಬಿಟ್ಟಳು. ಅಪ್ಪ ಗಂಭೀರವಾಗಿ, "ಹಾಗಾದ್ರೆ ಚೆನ್ನಾಗಿ ಮಾಡ್ಬೇಕು" ಎಂದ. ಅಮ್ಮ ಒಳಗೆ ಹೋಗಿ ನಕ್ಕಳು, ನಗುತ್ತ ನಗುತ್ತ ಅತ್ತಳು.

ಆದರೆ ಹೊಸ ಗಾಡಿ ಬಂದರೆ ಕೆಲಸ ಎಲ್ಲಿಂದ ಶುರು? ಕಾಂಪೌಂಡಿನಿಂದ. ಅದೇ ನಮ್ಮ ಗ್ರಹಚಾರ. ವ್ಯಾಕ್ಸ್ ಡಬ್ಬಿ ಕೊಟ್ಟರೆ ಅಪ್ಪ ಪಕ್ಕಕ್ಕಿಡುತ್ತಿದ್ದ. "ಗೀರು ಹಾಗೇ ಇಟ್ಕೊಂಡು ಮೇಲೆ ವ್ಯಾಕ್ಸ್ ಬಳಿಯೋಕೆ ನಾನೇನು ಕಳ್ಳನಾ?" ಎನ್ನುತ್ತಿದ್ದ. ಗೀರು ಎಲ್ಲಿತ್ತು, ಅವನೇ ನಿನ್ನೆ ತೆಗೆದಿದ್ದ, ಮೊನ್ನೆ ತೆಗೆದಿದ್ದ. ಬಾನೆಟ್ಟಿನ ಬಲಗಡೆ ಮೂಲೆಯಿಂದ ಶುರು ಮಾಡುವುದು ಅವನ ಹಳೆಯ ರೂಢಿ. ದಿನಾ ಅದೇ ಮೂಲೆ, ಅದೇ ಅಂಚು. ಅಂಚಿನಲ್ಲಿ ಬಣ್ಣ ಎಲ್ಲಕ್ಕಿಂತ ತೆಳು, ಅದಕ್ಕೇ ಉಜ್ಜುವ ಮುಂಚೆ ಅಲ್ಲಿಗೆ ಟೇಪು ಅಂಟಿಸಬೇಕು ಎಂದು ನನ್ನ ತಲೆಗೆ ಮೊಟಕಿ ಕಲಿಸಿದವನು ಅವನೇ.

ನಾನು ಸುಮ್ಮನೆ ಕೂತಿರಲಿಲ್ಲ. ಕಾಂಪೌಂಡಿನ ಡಬ್ಬಿ ಖಾಲಿ ಮಾಡಿ ಅದರಲ್ಲಿ ವ್ಯಾಕ್ಸ್ ತುಂಬಿಸಿ ಇಟ್ಟೆ. ಅಪ್ಪ ಒಂದು ಚೂರು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ಮುಖ ಕೆಂಪಾಯಿತು. "ಇದು ಕಾಂಪೌಂಡಲ್ಲ! ಯಾರೋ ಮೋಸ ಮಾಡಿದಾರೆ, ಆ ಅಂಗಡಿಯವನನ್ನ ಕರಿ" ಎಂದು ಡಬ್ಬಿಯನ್ನು ರಸ್ತೆಗೆಸೆದ. ಹೆತ್ತ ಮಗಳ ಹೆಸರು ನಾಲಿಗೆಗೆ ಬರುವುದಿಲ್ಲ, ಬೆರಳಿಗೆ ಮಾತ್ರ ಒಂದು ತರಿಯೂ ತಪ್ಪುವುದಿಲ್ಲ. ಇದಕ್ಕೆ ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ಹೇಳಿ. ಬೆಳಿಗ್ಗೆಯೇ ಅಂಚಿಗೆಲ್ಲ ಟೇಪು ಅಂಟಿಸಿಟ್ಟೆ. "ಯಾವ ದಡ್ಡ ಟೇಪು ಬಿಟ್ಟು ಹೋಗಿದಾನೆ ನೋಡು, ಕೆಲಸ ಮುಗಿದ ಮೇಲೆ ಕೀಳಬೇಕು ಅಂತ ಗೊತ್ತಿಲ್ವಾ" ಎಂದು ಒಂದೊಂದಾಗಿ, ಬಣ್ಣಕ್ಕೆ ನೋವಾಗದ ಹಾಗೆ ನಿಧಾನಕ್ಕೆ ಕಿತ್ತ. ಕೊನೆಗೆ ಎಲ್ಲಕ್ಕಿಂತ ಸಣ್ಣ ತರಿಯ ಕಾಂಪೌಂಡ್ ತಂದುಕೊಟ್ಟೆ. ಅದನ್ನು ಗೊಣಗಿಕೊಂಡು ಒಪ್ಪಿದ. ಸಣ್ಣದಾದರೂ ತಿನ್ನುವುದು ತಿನ್ನುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಡಾಕ್ಟರ ಮಾತು ನೆನಪಾಯಿತು.

ಬಣ್ಣದ ದಪ್ಪ ಅಳೆಯುವ ಒಂದು ಮೀಟರ್ ನನ್ನ ಹತ್ತಿರ ಇದೆ. ಆ ಮೂಲೆಗೆ ಹಿಡಿದರೆ ಅಂಕಿ ಇಳಿಯುತ್ತ ಇತ್ತು. ಆಮೇಲಾಮೇಲೆ ನಾನು ಮೀಟರನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ.

ನನ್ನ ಗಂಡನಿಗೆ ಬಸ್ ಡಿಪೋದಲ್ಲಿ ಕೆಲಸ, ಎಲ್ಲದಕ್ಕೂ ಒಂದು ಉಪಾಯ ಇದ್ದೇ ಇದೆ ಎಂದು ನಂಬಿದವನು. "ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಎಳ್ಕೊಂಡು ಹೋಗಿ ಹೊಸದಾಗಿ ಬಣ್ಣ ಹೊಡ್ಸಿ ತಂದ್ರಾಯ್ತು. ಮಾವ ಮತ್ತೆ ಹಾಯಾಗಿ ಉಜ್ಜಲಿ" ಎಂದ. ಪೇಂಟರನ ಕೈಯ ಬಣ್ಣ ಹೋಗುತ್ತದಲ್ಲ ಎಂದುಕೊಂಡೆ, ಆದರೂ ಸರಿ ಎಂದೆ. ಅಪ್ಪ ಮಲಗಿದ್ದಾಗ ಹಗ್ಗ ಕಟ್ಟಿ ಸವತಿಯನ್ನು ಎಳೆಸಿಕೊಂಡು ಹೋದೆವು. ಅಪ್ಪ ಎದ್ದು ಬಂದು ನೋಡಿದರೆ ತಗಡಿನ ಕೆಳಗೆ ಬರಿ ನೆಲ. ಆ ಖಾಲಿ ಜಾಗದಲ್ಲಿ, ಬಾನೆಟ್ಟು ಇರುತ್ತಿದ್ದ ಕಡೆ ನಿಂತು, ಗಾಳಿಯಲ್ಲಿ ಕೈ ಆಡಿಸತೊಡಗಿದ. ಕರೆದರೆ ಬರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಹಿಡಿದು ಎಳೆಯಲು ಹೋದ ಅಳಿಯನ ಕೆನ್ನೆಗೆ ಬಿತ್ತು. ಸಂಜೆಯೊಳಗೆ ಸವತಿಯನ್ನು ಹೋದ ಹಾಗೇ ವಾಪಸ್ ತಂದು ನಿಲ್ಲಿಸಿದೆವು. ಗಂಡ ಕೆನ್ನೆ ಸವರಿಕೊಳ್ಳುತ್ತ, "ಇನ್ನು ನನ್ನ ಕೇಳಬೇಡಿ" ಎಂದ.

ಹಾಗಾದರೆ ನಾನು ಏನು ಮಾಡಲಿ? ನನಗೆ ಬರುವುದು ಒಂದೇ ವಿದ್ಯೆ. ಮಧ್ಯಾಹ್ನ ಊಟ ಮಾಡಿ ಅಪ್ಪ ಮಲಗಿದ ಮೇಲೆ, ಗಿರಾಕಿಗಳ ಗಾಡಿ ಬಿಟ್ಟು ಸವತಿಯ ಹತ್ತಿರ ಬರುತ್ತಿದ್ದೆ. ಅಪ್ಪ ಉಜ್ಜಿದ ಪುಡಿ ತೊಳೆದು, ಒರೆಸಿ, ಸೀಲೆಂಟ್ ಹಚ್ಚುತ್ತಿದ್ದೆ. ಅದು ಮಂಜುಮಂಜಾಗಿ ಒಣಗುವವರೆಗೆ ಕಾದು, ಒರೆಸಿ, ಮೇಲೆ ವ್ಯಾಕ್ಸ್. ಆ ಮೂಲೆಗೆ ಮಾತ್ರ ವ್ಯಾಕ್ಸ್ ಪದರ ಒಂದರ ಮೇಲೊಂದು. ಬೆಳಿಗ್ಗೆ ಅವನ ಕೈ ಮೊದಲು ನನ್ನ ವ್ಯಾಕ್ಸನ್ನು ತಿನ್ನಲಿ, ಬಣ್ಣಕ್ಕೆ ಹೋಗುವುದು ಒಂದು ಗಳಿಗೆಯಾದರೂ ತಡವಾಗಲಿ ಎಂದು. ಕಾಂಪೌಂಡಿನ ಮುಂದೆ ವ್ಯಾಕ್ಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನನಗೆ ಗೊತ್ತಿಲ್ಲವೇ? ನಾಲ್ಕು ಸಲ ಕೈಯಾಡಿಸಿದರೆ ಮುಗಿಯಿತು. ಗೊತ್ತಿದ್ದೂ ಹಚ್ಚುತ್ತಿದ್ದೆ. ಅವನು ತೆಗೆಯುವುದು, ನಾನು ಹಚ್ಚುವುದು. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆದರೆ ಒಂದು ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಅಪ್ಪ ಎದ್ದು ಬರುವ ಹೊತ್ತಿಗೆ ಅಮ್ಮ ಮಗ್ಗಿನಲ್ಲಿ ನೀರು ಹಿಡಿದು ನಿಂತಿರುತ್ತಿದ್ದಳು. "ನೋಡ್ರೀ ಇಲ್ಲಿ" ಎಂದು ಬಾನೆಟ್ಟಿನ ಮೇಲೆ ಸುರಿಯುತ್ತಿದ್ದಳು. ನೀರು ಹನಿಹನಿಯಾಗಿ ಓಡುವುದನ್ನು ಅಪ್ಪ ಮಗುವಿನ ಹಾಗೆ ಬಾಯಿ ಬಿಟ್ಟು ನೋಡುತ್ತಿದ್ದ. ಆಮೇಲೆ ಬಾಗಿಲ ಮುಂದೆ ಕೂತು, ಜೇಬಿನಿಂದ ಬಾಚಣಿಗೆ ತೆಗೆದು ಮೀಸೆ ಬಾಚಿಕೊಂಡು, "ಯಾರ ಕೆಲಸ ಇದು?" ಎಂದು ಕೇಳುತ್ತಿದ್ದ. "ಚೆನ್ನಾಗಿದೆ. ಕೈ ಇದೆ ಇವನಿಗೆ."

ನನಗೆ ಬುದ್ಧಿ ತಿಳಿದಾಗಿನಿಂದ ಅಪ್ಪನ ಬಾಯಲ್ಲಿ ನನ್ನ ಕೆಲಸಕ್ಕೆ ಚೆನ್ನಾಗಿದೆ ಎಂಬ ಮಾತು ಬಂದದ್ದಿಲ್ಲ. ಈಗ ದಿನಾ ಸಂಜೆ ಬರುತ್ತಿತ್ತು. "ನಿಮ್ಮ ಮಗಳೇ ಕಣ್ರೀ ಮಾಡಿದ್ದು" ಎಂದು ಅಮ್ಮ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪುಟ್ಟಿನಾ? ಅವಳಿನ್ನೂ ಸ್ಕೂಲಿಂದ ಬಂದಿಲ್ಲ" ಎನ್ನುತ್ತಿದ್ದ. ಹೋಗಲಿ, ಯಾರನ್ನಾದರೂ ಹೊಗಳಲಿ, ಕೆಲಸ ನನ್ನದೇ ಅಲ್ಲವೇ ಎಂದುಕೊಂಡು ನಾನು ಆ ಮಾತಿಗಾಗಿ ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ. ಎಂಥ ಹುಚ್ಚಿ ನೋಡಿ.

ಆಗಬೇಕಾದದ್ದು ಆಗಿಯೇ ಹೋಯಿತು. ಅವತ್ತು ಶೆಡ್ಡಿನಲ್ಲಿ ಎರಡು ಗಾಡಿ ನಿಂತಿದ್ದವು. ಒಬ್ಬ ಟ್ಯಾಕ್ಸಿಯವನು ಬಾಗಿಲಲ್ಲೇ ಕೂತು, "ಅಕ್ಕಾ, ಇನ್ನೂ ಎಷ್ಟೊತ್ತು, ಅಕ್ಕಾ, ಬಾಡಿಗೆ ಇದೆ" ಎಂದು ಪ್ರಾಣ ತಿನ್ನುತ್ತಿದ್ದ. ಸವತಿಯ ಹತ್ತಿರ ನಾನು ಬಂದದ್ದೇ ತಡವಾಗಿ. ಗಡಿಬಿಡಿಯಲ್ಲಿ ತೊಳೆದು ಬಲಮೂಲೆಗೆ ಬಟ್ಟೆ ಇಟ್ಟವಳು ಹಾಗೇ ನಿಂತೆ. ಅಂಚಿನ ಮೇಲೆ, ಉಗುರಿನಷ್ಟು ಅಗಲ, ನೀಲಿ ಇರಲಿಲ್ಲ. ಬೂದು. ಪ್ರೈಮರ್. ಬೆರಳಿಟ್ಟು ನೋಡಿದೆ, ಕೊಳೆಯಿರಬಹುದು ಎಂದು ಇನ್ನೊಮ್ಮೆ ಒರೆಸಿದೆ. ಕೊಳೆ ಎಂದು ನಂಬಲು ನನಗಿಂತ ಹೆಚ್ಚು ಯಾರು ಆಸೆಪಟ್ಟಾರು.

ಒಳಗೆ ಓಡಿ, ನೀಲಿ ಬಣ್ಣದ ಪುಟ್ಟ ಶೀಶೆಯೊಂದಿತ್ತು, ಆ ಬೂದು ಮುಚ್ಚಲು ಅದನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಪ್ಪ ಎದ್ದಿದ್ದ. ಅಮ್ಮನಿಗೆ ಏನು ಗೊತ್ತು, ದಿನದ ಹಾಗೆ ಮಗ್ಗು ಹಿಡಿದುಕೊಂಡು ಕಾದಿದ್ದಳು. "ಅಮ್ಮಾ, ಬೇಡ" ಎಂದು ನಾನು ಕೂಗುತ್ತ ಹೊರಗೆ ಬರುವುದಕ್ಕೂ ಅವಳು ನೀರು ಸುರಿಯುವುದಕ್ಕೂ ಸರಿಹೋಯಿತು.

ಬಾನೆಟ್ಟಿನ ತುಂಬ ನೀರು ಚದುರಿತು. ಅಪ್ಪ ಉಜ್ಜದ ಕಡೆ ಉಳಿದಿದ್ದ ನಿನ್ನೆಯ ವ್ಯಾಕ್ಸಿನ ಮೇಲೆ ಹನಿಗಳು ಉರುಳಿ ಬಲಗಡೆಗೆ ಹರಿದವು, ಆ ಮೂಲೆಗೆ ಬಂದು ನಿಂತವು. ಬೂದು ಜಾಗದಲ್ಲಿ ನೀರು ಹನಿ ಕಟ್ಟಲಿಲ್ಲ, ಹಾಗೇ ಅಂಟಿಕೊಂಡು ಕೂತಿತು. ಅಪ್ಪ ಬಗ್ಗಿದ. ತೋರುಬೆರಳಿಂದ ಆ ನೀರನ್ನು ಒರೆಸಿದ. ಅಷ್ಟೆಲ್ಲ ಮರೆತ ಮನುಷ್ಯ, ಇದೊಂದನ್ನು ಗುರುತು ಹಿಡಿಯದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

"ಸುಟ್ಟಿದಾರೆ" ಎಂದ.

ಆ ದನಿ ಎಲ್ಲಿತ್ತೋ ಇಷ್ಟು ದಿನ. ಹಳೆಯ ಅಪ್ಪನದೇ ದನಿ, ಶೆಡ್ಡಿನ ತಗಡು ಅದುರುವಂಥದ್ದು. "ಯಾರು ಸುಟ್ಟಿದ್ದು ಇದನ್ನ? ಯಾವ ಕೈಲಾಗದವನು ಇದನ್ನ ಮುಟ್ಟಿದ್ದು? ಅಂಚಿಗೆ ಟೇಪು ಹಾಕ್ಬೇಕು ಅಂತ ಗೊತ್ತಿಲ್ವಾ? ಇದು ಪೇಂಟರ್ ಹೊಡೆದ ಬಣ್ಣ ಕಣ್ರೋ! ಅವನಿಗೆ ನಾನೇನು ಹೇಳ್ಲಿ? ನನ್ನ ಕೈಯಲ್ಲಿ ಇವತ್ತಿನವರೆಗೂ ಒಂದು ಗಾಡಿ ಸುಟ್ಟಿಲ್ಲ!" ಟ್ಯಾಕ್ಸಿಯವನು ಎದ್ದು ನಿಂತ. ಅಮ್ಮನ ಕೈಯಿಂದ ಮಗ್ಗು ಬಿತ್ತು. ಅಪ್ಪ ಕೂಗುತ್ತ ಕೂಗುತ್ತ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಬೆಳಗಿನ ಕಾಂಪೌಂಡ್ ಇನ್ನೂ ಬೆಳ್ಳಗೆ ಕೂತಿತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಮುಖದಲ್ಲಿ ಏನೋ ಒಂದು ಮೆಲ್ಲಗೆ ಮೇಲೆ ಬರತೊಡಗಿತು, ಬಾಗಿಲ ಹಿಂದೆ ಯಾರೋ ನಿಂತಿದ್ದಾರೆ ಎಂದು ಅನುಮಾನ ಬಂದವನ ಮುಖ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು.

"ನಾನು" ಎಂದೆ. "ನಾನೇ ಸುಟ್ಟಿದ್ದು."

ಅವನು ತಿರುಗಿದ. ಕೈಗಳನ್ನು ಮರೆತ.

"ನೀನಾ?"

"ಹೌದು. ಗೊತ್ತಾಗ್ಲಿಲ್ಲ. ಒಂದೇ ಕಡೆ ಉಜ್ಜಿಬಿಟ್ಟೆ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈದ, ಬಾಯಿಗೆ ಬಂದ ಹಾಗೆ ಬೈದ. ಚಿಕ್ಕಂದಿನಿಂದ ಕೇಳಿದ ಬೈಗುಳವೇ, ಒಂದೂ ಬಿಟ್ಟುಹೋಗಿರಲಿಲ್ಲ. ಕೇಳುತ್ತ ಕೇಳುತ್ತ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಮುಗಿಯಿತು, ಅವನ ಮಾತು ಉಳಿಯಿತು, ಅವನ ಕೈಯಲ್ಲಿ ಗಾಡಿ ಸುಟ್ಟಿಲ್ಲ. ಅಷ್ಟರಲ್ಲಿ ಅಪ್ಪ ಉಸಿರು ತೆಗೆದುಕೊಂಡು, ನನ್ನ ಮುಖದ ಹತ್ತಿರ ಮುಖ ತಂದು ಕೇಳಿದ.

"ಯಾರೇ ನಿನಗೆ ಕೆಲಸ ಕಲಿಸಿದ್ದು?"

ಇದನ್ನು ನಾನು ಎಣಿಸಿರಲಿಲ್ಲ. ಅಮ್ಮ ಬಾಯಿ ತೆರೆದಳು, ನಾನು ಕಣ್ಣಲ್ಲೇ ಬೇಡವೆಂದೆ. ನೀನೇ ಎಂದರೆ ಸುಟ್ಟ ಕೈ ತಿರುಗಿ ಅವನದೇ ಆಗುತ್ತದೆ. ನಮ್ಮಪ್ಪ ಎಂದರೆ ಆ ಅಪ್ಪನನ್ನು ಇವನೇ ಬೈಯುತ್ತಾನೆ, ಕೈಲಾಗದವನು ಎನ್ನುತ್ತಾನೆ, ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಈ ಶೆಡ್ಡಿನಲ್ಲಿ ಬೆಳೆದು, ಬೈಸಿಕೊಂಡು, ಇವನು ತೋರಿಸಿಕೊಟ್ಟ ಬೆರಳುಗಳಿಂದ ಅನ್ನ ತಿನ್ನುತ್ತಿರುವವಳು ನಾನು. ಕಣ್ಣು ಒರೆಸಿಕೊಂಡೆ.

"ಯಾರೂ ಕಲಿಸಿಲ್ಲ" ಎಂದೆ. "ನಾನೇ ನೋಡಿ ನೋಡಿ ಕಲಿತೆ."

ಅಪ್ಪನ ಸಿಟ್ಟು ಇಳಿಯಿತು. "ಅದಕ್ಕೇ" ಎಂದ, ಎಲ್ಲ ಅರ್ಥವಾದವನ ಹಾಗೆ. "ಅದಕ್ಕೇ ಮತ್ತೆ. ಕಲಿಸೋರಿಲ್ಲದೆ ಇದೆಲ್ಲ ಬರಲ್ಲ. ಅಳಬೇಡ, ಅಳಬೇಡ. ಬಾ ಇಲ್ಲಿ, ನಾನು ಕಲಿಸ್ತೀನಿ."

ಕಾಂಪೌಂಡಿನ ಡಬ್ಬಿ ತಂದ. ಬಟ್ಟೆಗೆ ಒಂದು ಚೂರು ಹಚ್ಚಿ ನನ್ನ ಕೈಗಿಟ್ಟ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, ಬೆರಳಿನ ಮೇಲೆ ಬೆರಳು ಜೋಡಿಸಿ, ಬಲಗಡೆ ಮೂಲೆಗೆ ಒತ್ತಿದ. "ಹೀಗೆ. ಮೆತ್ತಗೆ. ತೆಗೆಯೋವಾಗ ಕೈ ನಡುಗಬೇಕು" ಎಂದ. ಅವನ ಕೈ ನಡುಗುತ್ತಲೇ ಇತ್ತು, ನನ್ನದೂ. ಬಟ್ಟೆ ಸುತ್ತುತ್ತಿತ್ತು, ಬೂದು ಜಾಗದ ಅಂಚಿನಲ್ಲಿ ನೀಲಿ ಇನ್ನಷ್ಟು ಹಿಂದಕ್ಕೆ ಸರಿಯುತ್ತಿತ್ತು, ಉಜ್ಜುವ ಬಟ್ಟೆಯೆಲ್ಲ ನೀಲಿಯಾಗುತ್ತಿತ್ತು. ಟ್ಯಾಕ್ಸಿಯವನು ತನ್ನ ಗಾಡಿಯ ಹತ್ತಿರ ಹೋಗಿ ನಿಂತ. ಅಮ್ಮ ಬಿದ್ದ ಮಗ್ಗನ್ನು ಎತ್ತಿಕೊಂಡಳು. "ಗೊತ್ತಾಯ್ತಾ?" ಎಂದು ಅಪ್ಪ ಕಿವಿಯ ಹತ್ತಿರ ಕೇಳಿದ. ಗೊತ್ತಾಯ್ತು ಎಂದೆ. ಕೈ ಎಳೆದುಕೊಳ್ಳಲು ನನ್ನಿಂದ ಆಗಲಿಲ್ಲ.